ವಸ್ತಿ ಬಸ್ಸೂ ಗಾಜಿನ ಎಳೆಯೂ

ಪುಣೆಯ ಸ್ವಾರಗೇಟಿನಿಂದ ಸಾತಾರಾ ರಸ್ತೆ ಹಿಡಿದು ಬೆಳಗಾವಿ, ಹುಬ್ಬಳ್ಳಿಗೆ ಓಡುವ ಬಸ್ಸುಗಳಿವೆ. ಭೋರ್, ವೇಲ್ಹೆ ಕಡೆ ಸಹ್ಯಾದ್ರಿಯ ಮಗ್ಗುಲಿಗೆ ಹೋಗುವವೂ ಇವೆ. ಹೆದ್ದಾರಿಯ ಬಸ್ಸು ನಡೆಸುವುದು ಸುಲಭ. ಕಷ್ಟವಿರುವುದು ಗುಡ್ಡದ ವಾಡಿಗಳೆಂಬ ಪುಟ್ಟ ಊರುಗಳಿಗೆ ದಿನವೂ ತಪ್ಪದೆ ಹೋಗಿಬರುವುದರಲ್ಲಿ. ಬ್ರಾಡ್‌ಬ್ಯಾಂಡಿನ ಪಾಡೂ ಇದೇ. ಪಟ್ಟಣದಿಂದ ಪಟ್ಟಣಕ್ಕೆ ಗಾಜಿನ ತಂತಿ (ಆಪ್ಟಿಕಲ್ ಫೈಬರ್) ಎಳೆದು ಎಷ್ಟೋ ಕಾಲವಾಯಿತು. ತಾಲೂಕಿನಿಂದ ಪಂಚಾಯಿತಿಗೆ, ಅಲ್ಲಿಂದ ಮನೆಗೆ ಇರುವ ದಾರಿಯೇ ಇನ್ನೂ ಸವೆದಿಲ್ಲ. ಇದಕ್ಕೆ ದುಡ್ಡಿಲ್ಲದ್ದೇ ಕಾರಣ ಎನ್ನುವವರುಂಟು. ನನಗೆ ಕಾಣುವಂತೆ, ತಂತಿ ಎಳೆಯುವುದಕ್ಕಿಂತ ಎಳೆದ ತಂತಿಯನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ, ಅದನ್ನು ನಾವು ತಡವಾಗಿ ಲೆಕ್ಕಕ್ಕೆ ಹಿಡಿದೆವು.

ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಂತಿ ಮುಟ್ಟಿಸುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರಿನಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. ಮೊದಲ ಒಂದು ಲಕ್ಷ ಪಂಚಾಯಿತಿಗಳು ಮುಗಿಯುವಾಗ 2017ರ ಡಿಸೆಂಬರ್. ಆದರೆ ತಂತಿ ಮುಟ್ಟಿದ್ದು ಬೇರೆ, ಇಂಟರ್ನೆಟ್ ನಡೆದದ್ದು ಬೇರೆ. ತಂತಿಯನ್ನು ಬಹುಪಾಲು ಒಂದೇ ಸಾಲಾಗಿ ಹಾಕಿದ್ದರಿಂದ ನಡುವೆ ಎಲ್ಲಿ ತುಂಡಾದರೂ ಅದರಾಚೆಯ ಊರುಗಳೆಲ್ಲ ಕತ್ತಲಾಗುತ್ತಿದ್ದವು. ರಸ್ತೆ ಅಗಲ ಮಾಡುವ ಜೆಸಿಬಿಯ ಹಲ್ಲಿಗೆ 125 ಮೈಕ್ರಾನ್ ದಪ್ಪದ ಗಾಜಿನೆಳೆ ಯಾವ ಲೆಕ್ಕ! ತುಂಡಾದ ತುದಿಗಳ ಲೇಪ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ನೆಟ್ಟಗೆ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿ ಎದುರುಬದುರಾಗಿಟ್ಟು ವಿದ್ಯುತ್ ಕಿಡಿಯಿಂದ ಬೆಸೆಯಬೇಕು. ಬೆಸೆಯಲು ನಿಮಿಷಗಳು ಸಾಕು. ತುಂಡಾದ ಜಾಗ ಪತ್ತೆಯಾಗಿ, ಯಂತ್ರವೂ ಅದನ್ನು ಬಲ್ಲವರೂ ಅಲ್ಲಿಗೆ ಬರುವುದೇ ತಡ. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಸಿಕ್ಕಾಗ ತಂತಿಯನ್ನು ಉಂಗುರದಂತೆ ಸುತ್ತಿಸುವುದೂ ಹತ್ತು ವರ್ಷದ ನಿರ್ವಹಣೆಯೂ ಅದರೊಳಗೇ ಸೇರಿದವು.

ಹಾಕಿದ್ದು ಹಳ್ಳಿಯಲ್ಲಿ ಉಳಿದು ನಡೆಯಬೇಕೆಂಬ ಈ ಪಾಠ ಹೊಸದೇನಲ್ಲ. ಸ್ವಾರಗೇಟಿನಿಂದ ಹೊರಟ ಅದೇ ಹೆದ್ದಾರಿ ಬೆಳಗಾವಿ ದಾಟಿದರೆ ಕಿತ್ತೂರು. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಟೆಲಿಫೋನ್ ವಿನಿಮಯ ಕೇಂದ್ರ 1986ರಲ್ಲಿ ಶುರುವಾದದ್ದು ಅಲ್ಲೇ. ಧೂಳು, ಸೆಕೆ ತಾಳಿಕೊಂಡು, ಎ.ಸಿ. ಕೇಳದೆ ನಡೆಯಬೇಕು ಎಂದು ಹಳ್ಳಿಯನ್ನು ಕಣ್ಣಮುಂದಿಟ್ಟೇ ಆ ಯಂತ್ರವನ್ನು ಕಟ್ಟಿದ್ದರು.

ಈಗ ಮೊಬೈಲ್ ಇದೆ, ಉಪಗ್ರಹವೂ ಇದೆ, ನೆಲ ಅಗೆಯುವುದೇಕೆ ಎಂದು ಕೇಳಬಹುದು. ಬೆಟ್ಟದ ಒಂಟಿ ಮನೆಗೆ ಉಪಗ್ರಹವೇ ಸರಿ, ಒಪ್ಪೋಣ. ಆದರೆ ಟವರಿನ ಅಲೆಯನ್ನು ಊರೆಲ್ಲ ಹಂಚಿಕೊಳ್ಳಬೇಕು, ಬಳಸುವವರು ಹೆಚ್ಚಿದಷ್ಟೂ ಆ ಟವರಿಗೇ ತಂತಿ ಬೇಕಾಗುತ್ತದೆ. ಹಳ್ಳಿಯವರು ಸಂಪರ್ಕ ಕೇಳುವುದೇ ಇಲ್ಲ ಎಂಬುದು ಇನ್ನೊಂದು ಆಕ್ಷೇಪ. ವಾರಕ್ಕೆ ಮೂರು ದಿನ ಬಾರದ ಬಸ್ಸಿಗೆ ಯಾರು ತಾನೇ ಪಾಸು ಮಾಡಿಸುತ್ತಾರೆ? ರಾತ್ರಿ ಊರಲ್ಲೇ ತಂಗುವ ವಸ್ತಿ ಬಸ್ಸಿನ ಹಾಗೆ ತಂತಿಗೂ ಊರಲ್ಲೇ ಇರುವ ಕೈ ಬೇಕು. ಸ್ಥಳೀಯ ಉದ್ಯಮಿಗೆ ಆದಾಯದಲ್ಲಿ ಪಾಲು ಕೊಟ್ಟು ಮನೆಮನೆಗೆ ಸಂಪರ್ಕ ಕೊಡಿಸುವ ಏರ್ಪಾಡು ಭಾರತ್‌ನೆಟ್‌ನಲ್ಲಿ ಬಂದಿರುವುದು ಅದಕ್ಕೇ. ಐವತ್ತು ಮನೆಯ ವಾಡಿಯಲ್ಲಿ ಆ ಪಾಲಿನಿಂದ ಅವನ ಸ್ಪ್ಲೈಸಿಂಗ್ ಯಂತ್ರದ ಕಂತು ಗಿಟ್ಟೀತೇ ಎಂಬ ಲೆಕ್ಕವನ್ನು ಮಾತ್ರ ಇನ್ನೂ ಮಾಡಬೇಕಿದೆ.