ನಿಮ್ಮೂರ ಶಾಲೆಯ ಯಜಮಾನರು ಯಾರು?

“ಶಾಲೆಯ ಆಡಳಿತ, ಅನುದಾನ ಅಂತೆಲ್ಲ ನಮಗ್ಯಾಕ್ರೀ? ಅದನ್ನ ನೋಡ್ಕೊಳ್ಳೋಕೆ ಹೆಡ್‌ಮಾಸ್ತರಿದ್ದಾರೆ, ಸರ್ಕಾರ ಇದೆ” ಎನ್ನುವ ಗೃಹಿಣಿಯರೇ ಹೆಚ್ಚು. ಹಾಗೆನ್ನುವಾಕೆಯೇ ಹಾಲು ನೀರಾಗಿದ್ದರೆ ಹಾಲಿನವನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಾಳೆ. ಅಕ್ಕಿಯ ತೂಕದಲ್ಲಿ ನೂರು ಗ್ರಾಂ ಕಡಿಮೆಯಾದರೆ ಬಿಸಿಲನ್ನೂ ಲೆಕ್ಕಿಸದೆ ಅಂಗಡಿಗೆ ಮರಳಿ ಹೋಗುತ್ತಾಳೆ. ಆದರೆ ಮಗು ದಿನದ ಅರ್ಧ ಹೊತ್ತನ್ನು ಕಳೆಯುವ, ನಮ್ಮದೇ ತೆರಿಗೆಯ ದುಡ್ಡಿನಿಂದ ನಡೆಯುವ ಸರ್ಕಾರಿ ಶಾಲೆಯ ಲೆಕ್ಕ ಕೇಳುವುದೆಂದರೆ ಮಾತ್ರ ಎಲ್ಲಿಲ್ಲದ ಸಂಕೋಚ. ಯಾರನ್ನು ಕೇಳಬೇಕು, ಏನನ್ನು ಕೇಳಬೇಕು ಎಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ ನೋಡಿ.

“ನಮ್ಮ ಮಕ್ಕಳು ಕಾನ್ವೆಂಟಿಗೆ ಹೋಗ್ತಾರಲ್ಲ” ಎಂದು ಪುಟ ಮಗುಚಬೇಡಿ. ನಿಮ್ಮ ಮನೆಯ ಪಾತ್ರೆ ತೊಳೆಯುವಾಕೆಯ ಮಗಳು, ಬೆಳಗ್ಗೆ ಹೂ ತಂದುಕೊಡುವಾಕೆಯ ಮಗ ಹೋಗುವುದು ಆ ಶಾಲೆಗೇ. ಅವರಮ್ಮಂದಿರಿಗೆ ಓದು ಬರೆಹ ಅಷ್ಟಾಗಿ ಬಾರದಿದ್ದರೆ, ವಿಷಯ ತಿಳಿದ ನೀವು ಒಂದು ಮಾತು ಹೇಳಿದರೂ ಅವರಿಗೆ ಅದೇ ದೊಡ್ಡ ಆಸರೆ.

ಮೊದಲು ಏಣಿಯ ಮೆಟ್ಟಿಲುಗಳನ್ನು ತಿಳಿಯೋಣ. ನಮ್ಮ ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31, ಆದರೆ ಶೈಕ್ಷಣಿಕ ಜಿಲ್ಲೆಗಳು 35. ಶಿರಸಿ, ಚಿಕ್ಕೋಡಿ, ಮಧುಗಿರಿಗಳು ಕಂದಾಯದ ಲೆಕ್ಕದಲ್ಲಿ ಜಿಲ್ಲೆಗಳಲ್ಲ, ಶಾಲೆಯ ಲೆಕ್ಕದಲ್ಲಿ ಜಿಲ್ಲೆಗಳು. ಪ್ರತಿ ಶೈಕ್ಷಣಿಕ ಜಿಲ್ಲೆಗೂ ಒಬ್ಬರು ಉಪನಿರ್ದೇಶಕರು; ಜನರ ಬಾಯಲ್ಲಿ ಅವರು ಡಿ.ಡಿ.ಪಿ.ಐ. ಅವರ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿ.ಇ.ಓ. ಅವರ ಕೆಳಗೆ ಸುತ್ತಲಿನ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಕೊನೆಯಲ್ಲಿ ಮುಖ್ಯೋಪಾಧ್ಯಾಯರು. ಇದು ನೌಕರರ ಏಣಿ. ಇದರಲ್ಲಿ ತಾಯಂದಿರಿಗೆ ಮೆಟ್ಟಿಲಿಲ್ಲ.

ಹಿಂದೆ ಹೀಗಿರಲಿಲ್ಲ ಎನ್ನುತ್ತಾರೆ ಹಿರಿಯರು. ಧಾರವಾಡ, ಬೆಳಗಾವಿ ಕಡೆಯ ಹಳಬರು ‘ಸ್ಕೂಲ್ ಬೋರ್ಡ್’ ಎಂಬ ಮಾತನ್ನು ಬಲ್ಲರು. ಮುಂಬಯಿ ಪ್ರಾಂತ್ಯದ 1947ರ ಪ್ರಾಥಮಿಕ ಶಿಕ್ಷಣ ಕಾಯ್ದೆಯಂತೆ ಅಲ್ಲಿ ಜಿಲ್ಲೆಗೊಂದು ಶಾಲಾ ಮಂಡಳಿ ಇತ್ತು. ಆ ಮಂಡಳಿಗಳು ಈಗಿಲ್ಲ. ಅಮೆರಿಕದಲ್ಲಿ ಮಗಳನ್ನೋ ಸೊಸೆಯನ್ನೋ ಇಟ್ಟುಕೊಂಡವರು ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂಬ ಮಾತು ಕೇಳಿರುತ್ತೀರಿ. ಅಲ್ಲಿ ಹೆಚ್ಚಿನ ಕಡೆ ಊರಿನವರೇ ಮತ ಹಾಕಿ ಶಾಲಾ ಮಂಡಳಿಯನ್ನು ಆರಿಸುತ್ತಾರೆ, ಮನೆ ಕಂದಾಯದ ಒಂದು ಪಾಲು ನೇರವಾಗಿ ಆ ಊರಿನ ಶಾಲೆಗೇ ಹೋಗುತ್ತದೆ. ಕೇಳಲು ಚೆನ್ನ. ಆದರೆ ದೊಡ್ಡ ದೊಡ್ಡ ಮನೆಗಳಿರುವ ಊರಿನ ಶಾಲೆಗೆ ದುಡ್ಡು ಹೆಚ್ಚು, ಬಡವರ ಊರಿನ ಶಾಲೆಗೆ ಕಡಿಮೆ ಎಂಬ ತಕರಾರು ಅಲ್ಲಿ ಎಂದೂ ಮುಗಿಯದು. ನಮ್ಮಲ್ಲಿ ಮೇಷ್ಟ್ರ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಮಂಗಳೂರಿನ ಮೇಷ್ಟ್ರಿಗೂ ಸುರಪುರದ ಹಳ್ಳಿಯ ಮೇಷ್ಟ್ರಿಗೂ ಒಂದೇ ವೇತನಶ್ರೇಣಿ. ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ವಾಸಿ ಎಂದು ನನಗನ್ನಿಸುತ್ತದೆ.

ಹಾಗಾದರೆ ತಾಯಂದಿರಿಗೆ ಜಾಗವೆಲ್ಲಿ? ಅದೇ ಎಸ್.ಡಿ.ಎಂ.ಸಿ. ‘ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ’ ಎಂಬುದು ಅದರ ಪೂರ್ತಿ ಹೆಸರು. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇಲೆ 2001ರಲ್ಲಿ ಸರ್ಕಾರ ಇದನ್ನು ಶಾಲೆಶಾಲೆಗೂ ತಂದಿತು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಾಗಿ, ಇಂಥ ಸಮಿತಿಗೆ ಇಡೀ ದೇಶದಲ್ಲೇ ಕಾನೂನಿನ ಬಲ ಕೊಟ್ಟಿತು. ಕಾಯ್ದೆಯ 21ನೆಯ ಕಲಂ ಹೇಳುವುದನ್ನು ಎರಡು ಬಾರಿ ಓದಿಕೊಳ್ಳಿ: ಸಮಿತಿಯಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಂತೆ ಮಕ್ಕಳ ತಂದೆತಾಯಿಯರು ಅಥವಾ ಪೋಷಕರೇ ಇರಬೇಕು, ಸಮಿತಿಯ ಅರ್ಧದಷ್ಟು ಜನ ಹೆಂಗಸರೇ ಆಗಿರಬೇಕು. ವಿಧಾನಸಭೆಯಲ್ಲಿ, ಪಾರ್ಲಿಮೆಂಟಿನಲ್ಲಿ ನಮಗೆ ಇನ್ನೂ ಸಿಕ್ಕದ ಅರ್ಧ ಪಾಲು ನಿಮ್ಮೂರ ಶಾಲೆಯ ಸಮಿತಿಯಲ್ಲಿ ಆಗಲೇ ಇದೆ!

ಇದೆ, ಸರಿ. ನಡೆಯುವುದು ಹೇಗೆ? ಬಹಳ ಕಡೆ ಆಕೆಯ ಹೆಸರು ಪುಸ್ತಕದಲ್ಲಿರುತ್ತದೆ, ಸಭೆಗೆ ಬರುವವನು ಆಕೆಯ ಗಂಡ. ಇನ್ನು ಕೆಲವು ಕಡೆ ಶಾಲೆಯ ಹುಡುಗನೊಬ್ಬ ನಡಾವಳಿ ಪುಸ್ತಕ ಹಿಡಿದು ಮನೆಗೇ ಬರುತ್ತಾನೆ. “ಅಮ್ಮಾ, ಮೇಷ್ಟ್ರು ಇಲ್ಲೊಂದು ರುಜು ಹಾಕೋಕೆ ಹೇಳಿದ್ರು.” ಒಲೆಯ ಮೇಲೆ ಸಾರು ಉಕ್ಕುತ್ತಿರುತ್ತದೆ, ಸೆರಗಿಗೆ ಕೈ ಒರೆಸಿಕೊಂಡು ಆಕೆ ರುಜು ಹಾಕಿ ಕಳಿಸುತ್ತಾಳೆ. ಅಲ್ಲಿಗೆ ಸಭೆ ಮುಗಿಯಿತು! ಆ ಒಂದು ರುಜುವಿನಿಂದ ಎಷ್ಟು ರೂಪಾಯಿ ಖರ್ಚು ಮಂಜೂರಾಯಿತೆಂದು ಆಕೆಗೆ ಗೊತ್ತೇ ಇರುವುದಿಲ್ಲ. ಓದದೆ ರುಜು ಹಾಕಬೇಡಿ ಎಂದು ನಾನು ಹೇಳುವುದು ಮೇಷ್ಟ್ರ ಮೇಲಿನ ಅನುಮಾನದಿಂದಲ್ಲ. ಎಷ್ಟೋ ಪ್ರಾಮಾಣಿಕ ಮೇಷ್ಟ್ರುಗಳು ಕೈಯಿಂದ ಹಣ ಹಾಕಿ ಶಾಲೆ ನಡೆಸುತ್ತಿದ್ದಾರೆ. ಅಂಥವರಿಗೆ ಜೊತೆಗೊಂದು ಜೀವ ಬೇಕು, ಬರೀ ರುಜು ಸಾಲದು.

ಸಮಿತಿಯ ಅಧ್ಯಕ್ಷತೆ ಪೋಷಕರದು; ಮುಖ್ಯೋಪಾಧ್ಯಾಯರು ಕಾರ್ಯದರ್ಶಿ. ಬ್ಯಾಂಕಿನ ಖಾತೆ ಇಬ್ಬರ ಜಂಟಿ ಹೆಸರಿನಲ್ಲಿ. ಶಾಲೆ ನಡೆಯುವ ರೀತಿಯನ್ನು ನೋಡಿಕೊಳ್ಳುವುದು, ಅನುದಾನ ಎಲ್ಲಿಗೆ ಹೋಯಿತೆಂದು ಪರಿಶೀಲಿಸುವುದು, ಶಾಲೆಗೆ ಮುಂದೆ ಏನೇನು ಬೇಕೆಂದು ಅಭಿವೃದ್ಧಿ ಯೋಜನೆ ಬರೆಯುವುದು ಸಮಿತಿಯ ಕೆಲಸ. ಮೇಷ್ಟ್ರನ್ನು ನೇಮಿಸುವ, ವರ್ಗ ಮಾಡುವ ಅಧಿಕಾರ ಮಾತ್ರ ಅದಕ್ಕಿಲ್ಲ. ಖಾಲಿ ಹುದ್ದೆ ತುಂಬುವುದು ಬೆಂಗಳೂರಿನ ಕೈಯಲ್ಲಿದೆ. ಅಲ್ಲಿಯವರೆಗೆ ಅತಿಥಿ ಶಿಕ್ಷಕರಿಂದ ಕಾಲ ತಳ್ಳುವುದು ವರ್ಷ ವರ್ಷವೂ ಕಾಣುವ ಸಂಗತಿ. ಒಂದರಿಂದ ಐದನೆಯ ತರಗತಿವರೆಗೆ 30 ಮಕ್ಕಳಿಗೊಬ್ಬರು, ಆರರಿಂದ ಎಂಟರವರೆಗೆ 35ಕ್ಕೊಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಲೆಕ್ಕ. ನಿಮ್ಮೂರ ಶಾಲೆಯಲ್ಲಿ ಅಷ್ಟಿದ್ದಾರೆಯೇ, ಎಣಿಸಿ ನೋಡಿ.

ಈಗ ದುಡ್ಡಿನ ಮಾತು. ಸಂಬಳ, ಪಠ್ಯಪುಸ್ತಕ, ಸಮವಸ್ತ್ರ ಎಲ್ಲ ಮೇಲಿಂದಲೇ ಬರುತ್ತವೆ. ಸೀಮೆಸುಣ್ಣ, ಪೊರಕೆ, ಒಡೆದ ನಲ್ಲಿ, ಸುಣ್ಣಬಣ್ಣ ಇಂಥ ದಿನಬಳಕೆಯ ಖರ್ಚಿಗೆ ‘ಸಮಗ್ರ ಶಿಕ್ಷಣ’ ಯೋಜನೆಯಿಂದ ವಾರ್ಷಿಕ ಶಾಲಾ ಅನುದಾನವುಂಟು. ಇದರಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಯೋಜನೆಯ ಲೆಕ್ಕದಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000. ಇದರಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಶುಚಿತ್ವಕ್ಕೇ ಖರ್ಚು ಮಾಡಬೇಕು. ಹತ್ತು ಸಾವಿರವೆಂದರೆ ತಿಂಗಳಿಗೆ ಎಂಟುನೂರು ಚಿಲ್ಲರೆ ಆಯಿತು. ನಾಲ್ಕು ಜನರ ಮನೆಯ ಸೋಪು, ಫಿನಾಯಿಲು, ವಿದ್ಯುತ್ ಬಿಲ್ಲಿಗೂ ಸಾಲದ ಹಣ! ಮಕ್ಕಳು ಕಡಿಮೆಯಾದಷ್ಟೂ ಅನುದಾನ ಕಡಿಮೆ. ಅನುದಾನ ಕಡಿಮೆಯಾದಷ್ಟೂ ಶಾಲೆ ಮಂಕಾಗುತ್ತದೆ. ಮಂಕಾದ ಶಾಲೆಗೆ ಮಕ್ಕಳನ್ನು ಕಳಿಸುವವರಾರು? ಸಣ್ಣ ಊರಿನ ಕನ್ನಡ ಶಾಲೆಗಳನ್ನು ಕೊರೆಯುತ್ತಿರುವ ಹುಳು ಇದೇ.

ಶೂ ಭಾಗ್ಯದ ಲೆಕ್ಕ ನೋಡಿ, ಸಮಿತಿಯ ಕೈಯಲ್ಲಿ ಏನಿದೆಯೆಂದು ಗೊತ್ತಾಗುತ್ತದೆ. 2022–23ರಲ್ಲಿ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲಕ್ಕೆಂದು ಐದನೆಯ ತರಗತಿವರೆಗಿನ ಮಗುವಿಗೆ 265 ರೂಪಾಯಿ, ಎಂಟರವರೆಗೆ 295, ಹತ್ತರವರೆಗೆ 325 ಎಂದು ಸರ್ಕಾರ ಗೊತ್ತುಮಾಡಿತ್ತು. ಕೊಳ್ಳುವ ಹೊಣೆ ಎಸ್.ಡಿ.ಎಂ.ಸಿ.ಯದು. ಅಂಗಡಿಯಲ್ಲಿ ಚಪ್ಪಲಿಯ ಅಟ್ಟೆ ಮಡಿಸಿ ನೋಡಿ, ಹೊಲಿಗೆ ಎಳೆದು ನೋಡಿ, ಹತ್ತು ರೂಪಾಯಿಗೆ ಚೌಕಾಸಿ ಮಾಡುವವರು ನಾವೇ ತಾನೇ? ಆ ದಿನ ಅಂಗಡಿಗೆ ಹೋದವರಲ್ಲಿ ಇಬ್ಬರು ಹೆಂಗಸರಿದ್ದರೆ, ಮೂರು ತಿಂಗಳಿಗೆ ಬಾಯಿ ಬಿಡುವ ಶೂ ಬರುವುದು ಕಷ್ಟ.

ಇನ್ನು ಬಿಸಿಯೂಟ. ಇಲ್ಲಿ ನಮಗಿಂತ ದೊಡ್ಡ ಪರಿಣತರು ಯಾರೂ ಇಲ್ಲ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ ನಮ್ಮ ‘ಅಕ್ಷರ ದಾಸೋಹ’ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಉಳಿದೆಡೆಗೂ ಬಂತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಸೇರಿತು. ಆಮೇಲೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು.

ಅಳತೆ ಹೀಗಿದೆ. ಐದನೆಯ ತರಗತಿವರೆಗಿನ ಮಗುವಿಗೆ ದಿನಕ್ಕೆ ಧಾನ್ಯ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. ಆರರಿಂದ ಎಂಟರವರೆಗೆ ಇವೆಲ್ಲ ಒಂದೂವರೆ ಪಟ್ಟು. ಅಂದರೆ ನೂರು ಚಿಕ್ಕ ಮಕ್ಕಳ ಅಡುಗೆಗೆ ಅಕ್ಕಿ ಹತ್ತು ಕಿಲೋ, ಬೇಳೆ ಎರಡು ಕಿಲೋ, ತರಕಾರಿ ಐದು ಕಿಲೋ, ಎಣ್ಣೆ ಅರ್ಧ ಕಿಲೋ. ಮದುವೆ ಮನೆಯಲ್ಲಿ ಅಡುಗೆ ಕಂಡವರಿಗೆ ಈ ಲೆಕ್ಕ ಕಷ್ಟವಲ್ಲ. ಸಾರಿನೊಳಗೆ ಸೌಟು ಆಡಿಸಿದರೆ ಬೇಳೆ ಎರಡು ಕಿಲೋ ಬಿದ್ದಿದೆಯೇ, ಒಂದೇ ಬಿದ್ದಿದೆಯೇ ಎಂದು ನಿಮ್ಮ ಕೈಗೇ ತಿಳಿಯುತ್ತದೆ. ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬ ಶಿಕ್ಷಕರಾದರೂ ಸೇರಿದಂತೆ ಇಬ್ಬರು ಮೂವರು ದೊಡ್ಡವರು ರುಚಿ ನೋಡಬೇಕೆಂಬ ನಿಯಮವೂ ಉಂಟು. ಅದರಲ್ಲೊಬ್ಬರು ನೀವೇಕಾಗಬಾರದು? ತಾಯಂದಿರು ದಿನ ಹಂಚಿಕೊಂಡರೆ ಒಬ್ಬೊಬ್ಬರಿಗೆ ತಿಂಗಳಿಗೊಂದು ದಿನವೂ ಬಾರದು.

ಅಡುಗೆಮನೆಗೆ ಹೋದಾಗ ಅಲ್ಲಿನ ಹೆಂಗಸರನ್ನೂ ಒಮ್ಮೆ ಮಾತನಾಡಿಸಿ. ಹೊಗೆಯಲ್ಲೋ ಸೆಕೆಯಲ್ಲೋ ನಿಂತು ಊರ ಮಕ್ಕಳಿಗೆಲ್ಲ ಬೇಯಿಸಿ ಹಾಕುವ ಅವರಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಕೇಂದ್ರ 2009ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸಿಕೊಡುತ್ತ ಬಂದಿದೆ. ಗೌರವವೆಂಬುದು ಹೆಸರಿನಲ್ಲಿ ಮಾತ್ರ ಉಳಿದರೆ ಹೇಗೆ?

ಎಲ್ಲ ಸರಿ, ಮಕ್ಕಳು ಕಲಿಯುತ್ತಿದ್ದಾರೆಯೇ? ಪತ್ರಿಕೆಗಳು ಎಸ್.ಎಸ್.ಎಲ್.ಸಿ. ಫಲಿತಾಂಶವನ್ನೇ ದೊಡ್ಡದಾಗಿ ಹಾಕುತ್ತವೆ. 2023ರಲ್ಲಿ ಶೇಕಡ 83.89 ಇದ್ದ ಉತ್ತೀರ್ಣತೆ 2024ರಲ್ಲಿ 73.40ಕ್ಕೆ, 2025ರ ಮೊದಲ ಪರೀಕ್ಷೆಯಲ್ಲಿ 66.14ಕ್ಕೆ ಇಳಿಯಿತು. “ಮಕ್ಕಳೇ ದಡ್ಡರಾದರೇನ್ರೀ?” ಎಂದು ಕೇಳಬೇಡಿ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಾವಲು ಬಂತು, ಆ ವರ್ಷ ಹೆಚ್ಚಿಸಿ ಕೊಟ್ಟ ಕೃಪಾಂಕ ಮರುವರ್ಷ ಹೋಯಿತು. ಮುಚ್ಚಿದ್ದ ಮುಸುಕು ಸರಿದಿದೆ ಅಷ್ಟೇ. 2025ರಲ್ಲಿ ದಕ್ಷಿಣ ಕನ್ನಡ 91.12, ಕೊನೆಯ ಸ್ಥಾನದ ಕಲಬುರಗಿ 42.43. ಒಂದೇ ಸರ್ಕಾರ, ಒಂದೇ ಪುಸ್ತಕ, ಒಂದೇ ವೇತನಶ್ರೇಣಿ, ಫಲ ಮಾತ್ರ ಅರ್ಧಕ್ಕಿಂತ ಕಡಿಮೆ! ಅದೇ ಪರೀಕ್ಷೆಯಲ್ಲಿ ಹುಡುಗಿಯರಲ್ಲಿ ನೂರಕ್ಕೆ 74 ಮಂದಿ ಪಾಸಾದರೆ ಹುಡುಗರಲ್ಲಿ 58. ಮನೆಗೆಲಸವನ್ನೂ ಮಾಡಿಕೊಂಡು ಓದಿದ ಹುಡುಗಿಯರಿವರು.

ಹತ್ತನೆಯ ತರಗತಿಯಲ್ಲಿ ಎಡವುವ ಮಗು ಎಡವಲು ತೊಡಗುವುದು ಮೂರನೆಯ ತರಗತಿಯಲ್ಲೇ. ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುವ ‘ಅಸರ್’ ಸಮೀಕ್ಷೆಯ ಪ್ರಕಾರ, ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ 27.3, ಕೊರೊನಾ ಕಳೆದ 2022ರಲ್ಲಿ 20.5, 2024ರಲ್ಲಿ 27.1. ಅದರ ವಿಧಾನ ಬಲು ಸುಲಭ. ಊಟದ ನಂತರ ಮನೆಯಲ್ಲೇ ಮಾಡಬಹುದು. ಎರಡನೆಯ ತರಗತಿಯ ಪುಸ್ತಕದಿಂದ ಒಂದು ಪುಟ್ಟ ಕಥೆ ಓದಿಸಿ. ದಶಕ ಎರವಲು ಪಡೆಯುವ ಒಂದು ಕಳೆಯುವ ಲೆಕ್ಕ ಕೊಡಿ, 46ರಲ್ಲಿ 29 ಹೋದರೆ ಎಷ್ಟು ಎಂಬಂಥದ್ದು. ಕೆಲಸದಾಕೆಯ ಮಗಳನ್ನೂ ಕೂಡಿಸಿಕೊಳ್ಳಿ. ಮೂರನೆಯದು ಮುಗಿಸಿದ ಮಗು ತಡವರಿಸಿದರೆ ಬೈಯಬೇಡಿ, ಮರುದಿನ ಮೇಷ್ಟ್ರ ಬಳಿ ಮೆಲ್ಲಗೆ ಪ್ರಸ್ತಾಪಿಸಿ. ಪೋಷಕರ ಸಭೆ ಕರೆದು ಮಗುವಿನ ಕಲಿಕೆ ತಿಳಿಸುವುದು 24ನೆಯ ಕಲಮಿನಂತೆ ಅವರ ಕರ್ತವ್ಯ. ಕೇಳುವುದರಲ್ಲಿ ಅಧಿಕಪ್ರಸಂಗವೇನೂ ಇಲ್ಲ.

ಸಮಿತಿಗೆ ಸೇರಬೇಕೆಂದು ಮನಸ್ಸಾದರೆ, ಈಗಿನ ಸಮಿತಿಯ ಅವಧಿ ಯಾವಾಗ ಮುಗಿಯುತ್ತದೆಂದು ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸಿ. ಆಯ್ಕೆಗೆ ಪೋಷಕರ ಸಭೆ ಕರೆಯುತ್ತಾರೆ. ಒಬ್ಬರೇ ಹೋಗಬೇಡಿ, ಕೇರಿಯ ನಾಲ್ಕಾರು ತಾಯಂದಿರು ಒಟ್ಟಿಗೆ ಹೋಗಿ. ಸದಸ್ಯರಾದ ಮೇಲೆ ಮೊದಲ ಸಭೆಯಲ್ಲೇ ಬ್ಯಾಂಕಿನ ಪಾಸ್‌ಪುಸ್ತಕ, ನಗದು ಪುಸ್ತಕ, ಹಿಂದಿನ ನಡಾವಳಿ ನೋಡಲು ಕೇಳಿ. ಜಗಳದ ದನಿ ಬೇಡ. “ನಮಗೂ ತಿಳಿಯಲಿ ಸಾರ್” ಎಂದರೆ ಸಾಕು.

ಅಲ್ಲಿ ಉತ್ತರ ಸಿಕ್ಕದಿದ್ದರೆ ಬಿ.ಇ.ಓ. ಕಚೇರಿಗೆ ಅರ್ಜಿ, ಅಲ್ಲೂ ಆಗದಿದ್ದರೆ ಡಿ.ಡಿ.ಪಿ.ಐ.ಗೆ. ಬಾಯಿಮಾತಿಗಿಂತ ಕಾಗದ ಲೇಸು. ಮಾಹಿತಿ ಹಕ್ಕಿನಡಿ ಕೇಳುವುದಾದರೆ ಶುಲ್ಕ ಹತ್ತು ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಚಿಕ್ಕದಾಗಿರಲಿ, ಒಂದೇ ವಿಷಯ ಕೇಳಿ, ಕನ್ನಡದಲ್ಲೇ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ.