ಹಳೆಯ ಸೂಕ್ಷ್ಮತರಂಗ ಯಂತ್ರಗಳಲ್ಲಿ ಆವೃತ್ತಿಸ್ಥೈರ್ಯ

ಶುದ್ಧಿಯೆಂಬುದೂ ಸ್ಥೈರ್ಯವೆಂಬುದೂ ಲೋಕವ್ಯವಹಾರದಲ್ಲಿ ಹಲವು ವೇಳೆ ಒಂದೇ ಅರ್ಥದಲ್ಲಿ ಬಳಕೆಯಾಗುತ್ತಿರುವುವು. ರೇಡಿಯೋ ಶಾಸ್ತ್ರದಲ್ಲಾದರೋ ಇವುಗಳ ಭೇದವನ್ನು ಅರಿಯದೆ ಗತ್ಯಂತರವಿಲ್ಲ. ಯಂತ್ರದ ಮುಖಫಲಕವು ತೋರಿಸುವ ಆವೃತ್ತಿಗೂ, ಎಂದರೆ ಸೆಕೆಂಡೊಂದರ ಕಂಪನಸಂಖ್ಯೆಗೂ, ವಾಸ್ತವವಾಗಿ ಹೊರಡುವ ಆವೃತ್ತಿಗೂ ಹೊಂದಿಕೆಯಿದ್ದರೆ ಅದು ಶುದ್ಧಿ. ಹೊರಟ ಆವೃತ್ತಿಯು ಹೊತ್ತು ಕಳೆದರೂ ಕದಲದಿದ್ದರೆ ಅದು ಸ್ಥೈರ್ಯ. ತಂಬೂರಿಯ ಶ್ರುತಿಯನ್ನು ತುಸು ತಗ್ಗಿಸಿ ಕೂಡಿಸಿದ್ದರೂ ಕಚೇರಿಯು ನಡೆದೀತು. ಹಾಡುತ್ತಿರುವಾಗಲೇ ತಂತಿಯು ಸಡಿಲುತ್ತ ಹೋದರೆ ನಡೆಯದು. ಹವ್ಯಾಸಿ ರೇಡಿಯೋದವರು ಹಳೆಯ ಸೂಕ್ಷ್ಮತರಂಗ ಸಿಗ್ನಲ್ ಜನರೇಟರುಗಳನ್ನು ಬಳಸುವಾಗ ಎದುರಾಗುವ ತೊಡಕು ಮುಖ್ಯವಾಗಿ ಈ ಎರಡನೆಯ ಬಗೆಯದು.

7,000ದಿಂದ 11,000 ಮೆಗಾಹರ್ಟ್ಸ್ ವರೆಗೆ ವ್ಯಾಪ್ತಿಯುಳ್ಳ ಹ್ಯೂಲೆಟ್-ಪ್ಯಾಕರ್ಡ್ 620ಎ ಇಂತಹ ಯಂತ್ರಗಳಲ್ಲೊಂದು. ಇದರ ಹೃದಯಸ್ಥಾನದಲ್ಲಿರುವುದು, ವೇರಿಯನ್ ಸೋದರರು 1937ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ನಿರ್ಮಿಸಿದ ಕ್ಲಿಸ್ಟ್ರಾನ್ ನಳಿಕೆಯ ಒಂದು ಪ್ರಭೇದ. ಎಲೆಕ್ಟ್ರಾನುಗಳ ಪ್ರವಾಹವು ಲೋಹದ ಕುಹರವೊಂದರ ಬಾಯನ್ನು ಹಾದುಹೋಗಿ, ಮುಂದಿರುವ ಪ್ರತಿಕ್ಷೇಪಕವೆಂಬ ಋಣಫಲಕದಿಂದ ಹಿಂದಕ್ಕೆ ನೂಕಲ್ಪಟ್ಟು, ಮರಳಿ ಆ ಕುಹರಕ್ಕೇ ಬಂದು ಅದರ ಕಂಪನವನ್ನು ಪೋಷಿಸುವುದು. ಆದುದರಿಂದ ಆವೃತ್ತಿಯು ಕುಹರದ ಅಳತೆಗೂ ಪ್ರತಿಕ್ಷೇಪಕದ ವೋಲ್ಟೇಜಿಗೂ ಅಧೀನವಾಗಿರುತ್ತದೆ.

ಹಿತ್ತಾಳೆಯು ಉಷ್ಣತೆಯ ಒಂದೊಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 19 ಭಾಗ ಹಿಗ್ಗುವುದು. ಕುಹರವು ಪೂರ್ತಿ ಹಿತ್ತಾಳೆಯದೆಂದಿಟ್ಟುಕೊಂಡರೆ, ಹವ್ಯಾಸಿಗಳು ಕೂಡುವ 10,368 ಮೆಗಾಹರ್ಟ್ಸಿನಲ್ಲಿ ಒಂದು ಡಿಗ್ರಿಗೆ ಸುಮಾರು 197 ಕಿಲೋಹರ್ಟ್ಸ್ ಜಾರಿದಂತಾಯಿತು. ಏಕಪಾರ್ಶ್ವ ಪದ್ಧತಿಯಲ್ಲಿ ಮಾತಿಗೆ ಬೇಕಾದ ಅಗಲವೋ 3 ಕಿಲೋಹರ್ಟ್ಸಿಗಿಂತ ಹೆಚ್ಚಿಲ್ಲ! ಹಿಂದೆ ಅಗಲವಾದ ಪಟ್ಟಿಯಲ್ಲಿ ಆವೃತ್ತಿಭೇದ ಪದ್ಧತಿಯಿಂದ ಮಾತನಾಡುತ್ತಿದ್ದವರಿಗೆ ಈ ಜಾರುವಿಕೆಯು ಅಷ್ಟಾಗಿ ಬಾಧಕವಾಗಿರಲಿಲ್ಲ.

ಹಾಗಾದರೆ ಹಿಗ್ಗದ ಲೋಹದಿಂದಲೇ ಕುಹರವನ್ನು ಮಾಡಬಾರದೇಕೆ ಎಂದು ಆಕ್ಷೇಪಿಸಬಹುದು. 1896ರಲ್ಲಿ ಗಿಯೋಮ್ ಎಂಬವನು ಕಂಡುಹಿಡಿದ ಇನ್ವಾರ್ ಮಿಶ್ರಲೋಹವು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 1.2 ಭಾಗ ಮಾತ್ರ ಹಿಗ್ಗುವುದು ನಿಜ. ಆದರೂ ಜಾರುವಿಕೆಯು 12 ಕಿಲೋಹರ್ಟ್ಸಿನಷ್ಟು ಉಳಿಯುತ್ತದೆ. ವೋಲ್ಟೇಜಿನ ಚಾಂಚಲ್ಯವು ಬೇರೆ ಇದ್ದೇ ಇದೆ. ಲೋಹವೊಂದರಿಂದಲೇ ಕಾರ್ಯಸಿದ್ಧಿಯಿಲ್ಲ.

ಪರಿಹಾರವು ಸ್ಫಟಿಕದಲ್ಲಿದೆ. 108 ಮೆಗಾಹರ್ಟ್ಸಿನ ಸ್ಫಟಿಕಕಂಪನವನ್ನು 96ರಿಂದ ಗುಣಿಸಿದರೆ ಸರಿಯಾಗಿ 10,368 ದೊರೆಯುತ್ತದೆ. (ಅಷ್ಟೋತ್ತರಶತವು ಇಲ್ಲಿ ಪುಣ್ಯಾರ್ಥವಾಗಿ ಬಂದುದಲ್ಲ.) ಗುಣಾಕಾರದಲ್ಲಿ ದೋಷವೂ ಗುಣಿತವಾಗುವುದೆಂಬುದನ್ನು ಮರೆಯಲಾಗದು: ಮೂಲದಲ್ಲಿ 1 ಹರ್ಟ್ಸ್ ತಪ್ಪಿದರೆ ಫಲದಲ್ಲಿ 96 ತಪ್ಪುವುದು. ಈ ಕಾರಣದಿಂದ ಸ್ಫಟಿಕವನ್ನು ಸಮೋಷ್ಣದ ಪೆಟ್ಟಿಗೆಯಲ್ಲಿರಿಸುವರು. ಬಳಿಕ ಕ್ಲಿಸ್ಟ್ರಾನಿನ ಕಂಪನವನ್ನು ಈ ಪ್ರಮಾಣದೊಡನೆ ಎಡೆಬಿಡದೆ ಹೋಲಿಸಿ, ವ್ಯತ್ಯಾಸದಿಂದ ಹುಟ್ಟಿದ ವೋಲ್ಟೇಜನ್ನು ಪ್ರತಿಕ್ಷೇಪಕಕ್ಕೆ ಕೊಟ್ಟರೆ, ಜಾರಹೊರಟ ಆವೃತ್ತಿಯು ಹಿಂದಕ್ಕೆ ಸೆಳೆಯಲ್ಪಡುವುದು. ಪ್ರತಿಕ್ಷೇಪಕದ ಯಾವ ಚಂಚಲ ಸ್ವಭಾವವನ್ನು ದೋಷವೆಂದೆವೋ ಅದೇ ಇಲ್ಲಿ ಕಡಿವಾಣವಾಗುತ್ತದೆ.

ಇದನ್ನು ತಿಳಿಯದೆ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. ಕಡಿವಾಣದ ಸಲಕರಣೆಯಿಲ್ಲದವರು ಯಂತ್ರವನ್ನು ಒಂದೆರಡು ಗಂಟೆ ಕಾಯಿಸಿ, ಗಾಳಿ ಬೀಸದೆಡೆಯಲ್ಲಿರಿಸಿ, ಆವೃತ್ತಿಯನ್ನು ಎಣಿಕೆಯ ಉಪಕರಣದಿಂದ ಆಗಾಗ್ಗೆ ನೋಡಿಕೊಳ್ಳತಕ್ಕದ್ದು. ಆಂಟೆನಾ, ತರಂಗನಾಳ ಮೊದಲಾದವುಗಳ ಪರೀಕ್ಷೆಗೆ ಅಷ್ಟು ಸ್ಥೈರ್ಯವೇ ಸಾಕು.