ಒಂದೇ ಗಾಡಿ, ಹಲವು ದರ್ಜೆ: ಪಿಕಪ್ ಕೊಳ್ಳುವ ಮುನ್ನ



ಬಳ್ಳಾರಿಯ ಷೋರೂಮಿನಿಂದ ಅಪ್ಪ ನಾಲ್ಕು ಬಣ್ಣದ ಕರಪತ್ರಗಳನ್ನು ತಂದು ನಿಮ್ಮ ಕೈಗಿಟ್ಟಿದ್ದಾರೆ ಎಂದುಕೊಳ್ಳಿ. 'ಇಂಗ್ಲಿಷಿನಲ್ಲಿದೆ, ಓದಿ ಹೇಳಪ್ಪಾ, ಯಾವುದು ತಗೊಳ್ಳೋಣ?' ಎನ್ನುತ್ತಾರೆ. ಕುರುಗೋಡು, ಸಿರುಗುಪ್ಪ ಕಡೆಯ ಮನೆಗಳಲ್ಲಿ ಪಿಯುಸಿಯನ್ನೋ ಪದವಿಯನ್ನೋ ಓದುತ್ತಿರುವ ಮಕ್ಕಳಿಗೆ ಈ ಪ್ರಶ್ನೆ ಹೊಸದಲ್ಲ. ಒಂದು ಪಿಕಪ್ ಗಾಡಿಯೆಂದರೆ ಐದು ವರ್ಷಗಳ ಸಾಲ. ನೀವು ಕರಪತ್ರದಲ್ಲಿ ಬೆರಳಿಟ್ಟು ತೋರಿಸಿದ ಸಾಲಿನ ಮೇಲೆ ಮನೆಯ ಐದು ವರ್ಷದ ಲೆಕ್ಕ ನಿಲ್ಲುತ್ತದೆ. ಆದ್ದರಿಂದ ಆ ಕರಪತ್ರವನ್ನು ಓದುವ ಬಗೆ ಹೇಗೆಂಬುದನ್ನು ಒಟ್ಟಿಗೆ ಕುಳಿತು ನೋಡೋಣ.

ಕಂಪನಿಗಳು ಒಂದೇ ಮಾದರಿಯ ಗಾಡಿಯನ್ನು ಹಲವು ದರ್ಜೆಗಳಲ್ಲಿ ಮಾರುತ್ತವೆ. ಮಾರಾಟದವರು ಇದನ್ನು 'ವೇರಿಯಂಟ್' ಎನ್ನುತ್ತಾರೆ. ದರ್ಜೆಯ ಗುರುತಾಗಿ ಹೆಸರಿನ ಬಾಲಕ್ಕೆ ಒಂದೆರಡು ಅಕ್ಷರ ಅಂಟಿಕೊಂಡಿರುತ್ತದೆ. ಈ ಅಕ್ಷರಗಳಿಗೆ ಎಲ್ಲ ಕಂಪನಿಗಳಿಗೂ ಒಪ್ಪಿತವಾದ ಅರ್ಥ ಇಲ್ಲವೇ ಇಲ್ಲ. ಹೊಸೂರಿನಲ್ಲಿ ತಯಾರಾಗಿ 2011ರಲ್ಲಿ ಮಾರುಕಟ್ಟೆಗೆ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಗಾಡಿಗೆ ಆಗ ಎಲ್‌ಇ, ಎಲ್‌ಎಸ್, ಎಲ್‌ಎಕ್ಸ್ ಎಂಬ ಮೂರು ದರ್ಜೆಗಳಿದ್ದವು. ಅವುಗಳಲ್ಲಿ ಎಲ್‌ಎಕ್ಸ್ ಎಲ್ಲಕ್ಕಿಂತ ಮೇಲಿನದು. ಹವಾನಿಯಂತ್ರಣ, ಪವರ್ ಸ್ಟಿಯರಿಂಗ್ ಎರಡೂ ಅದಕ್ಕಿತ್ತು. ಮಹೀಂದ್ರ ಕಂಪನಿಯ ಬೊಲೆರೊ ಮ್ಯಾಕ್ಸ್ ಪಿಕಪ್‌ನಲ್ಲಾದರೋ ಎಲ್‌ಎಕ್ಸ್ ಎಂದರೆ ಕೆಳಗಿನ ದರ್ಜೆ, ವಿಎಕ್ಸ್‌ಐ ಅದರ ಮೇಲಿನದು. ಅವೇ ಎರಡು ಅಕ್ಷರ, ಒಂದು ಕಡೆ ತಲೆ, ಇನ್ನೊಂದು ಕಡೆ ಕಾಲು! ಅಮೆರಿಕದ ಫೋರ್ಡ್ ಎಫ್-150 ಗಾಡಿಯ ದರ್ಜೆಗಳಂತೂ ಎಕ್ಸ್‌ಎಲ್, ಎಕ್ಸ್‌ಎಲ್‌ಟಿ, ಲಾರಿಯಟ್, ಕಿಂಗ್ ರಾಂಚ್, ಪ್ಲಾಟಿನಂ ಎಂದು ಆಭರಣದ ಅಂಗಡಿಯ ಬೋರ್ಡಿನಂತೆ ಸಾಗುತ್ತವೆ.

ನಮ್ಮ ರಾಜ್ಯದ ಬಿಡದಿಯಲ್ಲೇ ಜೋಡಣೆಯಾಗುವ ಟೊಯೊಟಾ ಹೈಲಕ್ಸ್ ಕೂಡ ಪಿಕಪ್ಪೇ. 2022ರಲ್ಲಿ ಅದು 'ಸ್ಟ್ಯಾಂಡರ್ಡ್' ಮತ್ತು 'ಹೈ' ಎಂಬ ಎರಡು ದರ್ಜೆಗಳಲ್ಲಿ ಬಂತು. ಆಗ ಬೆಲೆ ಮೂವತ್ತು ಲಕ್ಷ ರೂಪಾಯಿಗೂ ಮೇಲೆ. 2.8 ಲೀಟರಿನ ಅದೇ ಡೀಸೆಲ್ ಯಂತ್ರ ಕೈಗೇರಿನ ಗಾಡಿಯಲ್ಲಿ 420 ನ್ಯೂಟನ್-ಮೀಟರ್ ತಿರುಚುಬಲ ಕೊಟ್ಟರೆ, 'ಹೈ' ದರ್ಜೆಯಲ್ಲಿ ಸಿಗುವ ಸ್ವಯಂಚಾಲಿತ ಗೇರಿನ ಗಾಡಿಯಲ್ಲಿ 500 ಕೊಡುತ್ತದೆ. ಆದರೆ ಅದು ಹೊರುವ ಭಾರ ಅರ್ಧ ಟನ್ನಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಐದು ಜನ ಕುಳಿತು ಬೆಟ್ಟ ಹತ್ತಲು ಮಾಡಿದ ಗಾಡಿ ಅದು. ಭತ್ತ ಹೊರುವ ಮನೆಗೆ ಅದರ ಮಾತು ಇಷ್ಟೇ ಸಾಕು.

ಹೊರೆ ಹೊರುವ ಪಿಕಪ್‌ಗಳಲ್ಲಿ ನಿಜವಾದ ದರ್ಜೆ ಅಡಗಿರುವುದು ಅಕ್ಷರದಲ್ಲಲ್ಲ, ಅಂಕಿಯಲ್ಲಿ. ಬೊಲೆರೊ ಮ್ಯಾಕ್ಸ್‌ನ ಹೆಸರಿನಲ್ಲಿ 1.3, 1.7, 2.0 ಎಂದು ಬರುತ್ತದೆ. ಗಾಡಿ ಹೊರಬಲ್ಲ ಭಾರ ಎಷ್ಟು ಟನ್ ಎಂಬುದನ್ನು ಇದು ಹೇಳುತ್ತದೆ. ಟಾಟಾ ಯೋಧ 2.0 ಎಂಬ ಹೆಸರಿನಲ್ಲೂ ಹಾಗೆಯೇ, ಎರಡು ಟನ್ ಎಂದು ಅರ್ಥ. ಅದು ಬಂದದ್ದು 2022ರಲ್ಲಿ. ಆದರೆ ಅದೇ ಟಾಟಾ ಕಂಪನಿಯ ಇಂಟ್ರಾ ವಿ50 ನೋಡಿ. ಐವತ್ತು ಎಂದಾಕ್ಷಣ ಐದು ಟನ್ ಎಂದುಕೊಂಡೀರಿ! ಅದರ ಸಾಮರ್ಥ್ಯ 1500 ಕಿ.ಗ್ರಾಂ. ವಿ30ರದು 1300 ಕಿ.ಗ್ರಾಂ. ಹೆಸರಿನ ಅಂಕಿ ಇಪ್ಪತ್ತು ಹೆಚ್ಚಿತು, ಹೊರೆ ಹೆಚ್ಚಿದ್ದು ಇನ್ನೂರು ಕಿಲೋ. ಅಮೆರಿಕದವರೂ ಎಫ್-150 ಗಾಡಿಯನ್ನು ಇಂದಿಗೂ 'ಅರ್ಧ ಟನ್ನಿನ ಗಾಡಿ' ಎಂದೇ ಕರೆಯುತ್ತಾರೆ. ಅದು ಅರ್ಧ ಟನ್ನಿಗಿಂತ ಹೆಚ್ಚು ಹೊರಲು ತೊಡಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು.

ಹಾಗಾದರೆ ನಂಬಬೇಕಾದ ಅಂಕಿ ಯಾವುದು? ನೋಂದಣಿ ಪತ್ರದ್ದು. ಅದರಲ್ಲಿ ಎರಡು ತೂಕಗಳಿರುತ್ತವೆ: ಬರಿಗಾಡಿಯ ತೂಕ, ಮತ್ತು ಹೊರೆಯೂ ಸೇರಿದ ಒಟ್ಟು ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಒಟ್ಟು ತೂಕ 3000 ಕಿ.ಗ್ರಾಂ., ಬರಿಗಾಡಿ 1700 ಎಂದಿದ್ದರೆ ಉಳಿಯುವುದು 1300. ಇಲ್ಲೊಂದು ಸೂಕ್ಷ್ಮವಿದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಬರಿಗಾಡಿಯ ತೂಕದಲ್ಲಿ ಚಾಲಕನ ತೂಕವೂ, ಜೊತೆಯ ಆಳಿನ ತೂಕವೂ ಸೇರಿರುವುದಿಲ್ಲ. ಅಂದರೆ ಅವರಿಬ್ಬರೂ ಆ 1300ರೊಳಗೇ ಬಂದರು. ನಮ್ಮ ಸೀಮೆಯಲ್ಲಿ ಭತ್ತದ ಚೀಲ 75 ಕಿಲೋದ್ದು. ಇಬ್ಬರಿಗೆ 130 ಕಿಲೋ ಬಿಟ್ಟು ಲೆಕ್ಕ ಹಾಕಿದರೆ 1.3 ಟನ್ನಿನ ಗಾಡಿಗೆ 15 ಚೀಲ, 1.7ಕ್ಕೆ 20, 2.0ಕ್ಕೆ 24 ಚೀಲ. ಕರಪತ್ರದ ಟನ್ನುಗಳನ್ನು ಹೀಗೆ ಚೀಲಕ್ಕೆ ಇಳಿಸಿ ಹೇಳಿದರೆ ಅಪ್ಪನಿಗೆ ಒಂದೇ ಏಟಿಗೆ ಅರ್ಥವಾಗುತ್ತದೆ.

ಈ ಕಳೆಯುವ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಒಟ್ಟು ತೂಕದ ಮಿತಿ ಬದಲಾಗದೆ, ದರ್ಜೆ ಏರಿದಂತೆ ಗಾಡಿಗೆ ಸಾಮಾನು ಸೇರುತ್ತ ಹೋದರೆ ಏನಾದೀತು? ಬರಿಗಾಡಿ ಭಾರವಾಗುತ್ತದೆ, ಹೊರೆ ಅಷ್ಟೇ ಕಡಿಮೆಯಾಗುತ್ತದೆ. ಹಿಂದೊಂದು ಸಾಲು ಆಸನವಿರುವ ಜೋಡಿ ಕ್ಯಾಬಿನ್ನಿನ ಗಾಡಿಗಳಲ್ಲಿ ಇದು ಎದ್ದು ಕಾಣುತ್ತದೆ. ಹೆಚ್ಚು ಹಣ ಕೊಟ್ಟು ಕಡಿಮೆ ಹೊರುವ ಗಾಡಿ ತಂದಂತಾಗುತ್ತದೆ.

ಇನ್ನು ತೂಕ ಒಂದೇ ಮಾನದಂಡವೇ? ಅಲ್ಲ. ಕುರುಗೋಡಿನ ಎರೆಭೂಮಿಯಲ್ಲಿ ಕಾಲುವೆ ನೀರಿಗೆ ಭತ್ತ ಬಂದಂತೆ ಮೆಣಸಿನಕಾಯಿಯೂ ಬರುತ್ತದೆ. ಬಳ್ಳಾರಿ ಜಿಲ್ಲೆಯ ಒಣಮೆಣಸಿನಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯವರೆಗೂ ಹೋಗುತ್ತದೆ. ಮೆಣಸಿನಕಾಯಿ ಚೀಲ ನೋಡಲು ಭತ್ತದ ಚೀಲಕ್ಕಿಂತ ಉಬ್ಬಿಕೊಂಡಿರುತ್ತದೆ, ಎತ್ತಿದರೆ ಹಗುರ. ಸಾಂದ್ರತೆ ಎಂದು ಒಂಬತ್ತನೇ ತರಗತಿಯಲ್ಲಿ ಓದಿದ್ದೀರಲ್ಲ, ಅದೇ ಇದು. ಭತ್ತ ತುಂಬಿದಾಗ ಪೆಟ್ಟಿಗೆಯಲ್ಲಿ ಜಾಗ ಉಳಿದಿರುವಾಗಲೇ ತೂಕದ ಮಿತಿ ಮುಗಿಯುತ್ತದೆ. ಮೆಣಸಿನಕಾಯಿ ತುಂಬಿದಾಗ ತೂಕ ಉಳಿದಿರುವಾಗಲೇ ಜಾಗ ಮುಗಿಯುತ್ತದೆ. ಬಳ್ಳಾರಿಯ ಜೀನ್ಸ್ ಬಟ್ಟೆಯ ಗಂಟುಗಳದೂ ಹೆಚ್ಚುಕಡಿಮೆ ಇದೇ ಕಥೆ. ಹಗುರ ಸರಕಿನವರು ನೋಡಬೇಕಾದ್ದು ಟನ್ನನ್ನಲ್ಲ, ಪೆಟ್ಟಿಗೆಯ ಉದ್ದವನ್ನು. ಬೊಲೆರೊ ಮ್ಯಾಕ್ಸ್‌ನ ಕೆಲವು ಮಾದರಿಗಳಲ್ಲಿ ಅದು 3050 ಮಿ.ಮೀ., ಅಂದರೆ ಹತ್ತು ಅಡಿ. ಒಂಬತ್ತು ಅಡಿಯ ಪೆಟ್ಟಿಗೆ ಹತ್ತು ಸಲ ಹೊತ್ತದ್ದನ್ನು ಹತ್ತು ಅಡಿಯದು ಒಂಬತ್ತೇ ಸಲದಲ್ಲಿ ಹೊರುತ್ತದೆ. ಬ್ಯಾಡಗಿಯಷ್ಟು ದೂರಕ್ಕೆ ಒಂದು ಬಾಡಿಗೆ ಉಳಿದರೆ ಅದು ಸಣ್ಣ ಮಾತಲ್ಲ. ಭತ್ತವನ್ನಷ್ಟೇ ಹೊರುವವರಿಗೆ ಮಾತ್ರ ಆ ಒಂದು ಅಡಿಯಿಂದ ಲಾಭವಿಲ್ಲ.

ಉದ್ದದ ಪೆಟ್ಟಿಗೆಗೆ ಒಂದು ಎಚ್ಚರಿಕೆಯೂ ಬೇಕು. ಹಿಂದಿನ ಅಚ್ಚನ್ನು ಸನ್ನೆಗೋಲಿನ ಆಧಾರಬಿಂದು ಎಂದು ಭಾವಿಸಿ. ಅಚ್ಚಿನ ಹಿಂದೆ ಹೆಚ್ಚು ಭಾರ ಬಿದ್ದರೆ ಮುಂದಿನ ಚಕ್ರಗಳು ಹಗುರಾಗುತ್ತವೆ, ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಆದ್ದರಿಂದ ಭಾರದ ಚೀಲಗಳು ಕ್ಯಾಬಿನ್ನಿನ ಬೆನ್ನಿಗೆ ಹತ್ತಿಕೊಂಡಿರಬೇಕು.

'ಇದೆಲ್ಲ ಯಾಕೆ? ಕೆಳಗಿನ ದರ್ಜೆಯನ್ನೇ ತಂದು ಹಿಂದೆ ಎರಡು ಪಟ್ಟಿ ಹೆಚ್ಚಿಗೆ ಹಾಕಿಸಿದರೆ ಆಯಿತು' ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಸ್ಪ್ರಿಂಗಿಗೆ ಪಟ್ಟಿ ಸೇರಿಸಿದರೆ ಗಾಡಿ ಕುಸಿಯುವುದು ಕಡಿಮೆಯಾಗುತ್ತದೆ, ನಿಜ. ಆದರೆ ಅಚ್ಚು, ಟೈರು, ಬ್ರೇಕು ಎಲ್ಲವೂ ಮೊದಲಿನವೇ ತಾನೆ? ನಮ್ಮ 3000 ಕಿಲೋದ ಗಾಡಿಗೆ ಇನ್ನೂ ಹತ್ತು ಚೀಲ ಏರಿಸಿ. ಒಟ್ಟು 3750 ಕಿಲೋ ಆಯಿತು, ಎಂದರೆ ಕಾಲು ಪಾಲು ಹೆಚ್ಚು. ವೇಗವೂ ಬ್ರೇಕಿನ ಬಲವೂ ಅಷ್ಟೇ ಇದ್ದರೆ, 30 ಮೀಟರಿನಲ್ಲಿ ನಿಲ್ಲುತ್ತಿದ್ದ ಗಾಡಿಗೆ ಈಗ 37.5 ಮೀಟರ್ ಬೇಕು. ಆ ಏಳೂವರೆ ಮೀಟರಿನೊಳಗೆ ಒಂದು ಎತ್ತಿನ ಬಂಡಿ ನಿಂತಿರಬಹುದು, ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿರಬಹುದು. ಕಾನೂನೂ ಪಟ್ಟಿಯನ್ನು ಎಣಿಸುವುದಿಲ್ಲ. ನೋಂದಣಿ ಪತ್ರದ ತೂಕವನ್ನೇ ನೋಡುತ್ತದೆ. ತಯಾರಕರು ಕೊಟ್ಟ ರೂಪವನ್ನು ಬದಲಿಸುವಂತಿಲ್ಲ ಎಂದು ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿಯ ನಂತರ 194ನೇ ಕಲಂ ಪ್ರಕಾರ ಅತಿಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000.

ಕೆಲವು ಗಾಡಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ದರ್ಜೆ ಇರುತ್ತದೆ, ಯೋಧ 2.0 ಎರಡೂ ಬಗೆಯಲ್ಲಿ ಬಂದಿದೆ. ಇದು ನಮ್ಮವರಿಗೆ ಬೇಕೇ? ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಸಾಧಾರಣ ಪಿಕಪ್‌ನಲ್ಲಿ ಯಂತ್ರದ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ, ಆದರೆ ಯಂತ್ರ ಮತ್ತು ಕ್ಯಾಬಿನ್ನಿನ ಭಾರ ಇರುವುದು ಮುಂದೆ. ಚಕ್ರಕ್ಕೆ ಸಿಗುವ ಘರ್ಷಣೆ ಅದರ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ. ಖಾಲಿ ಗಾಡಿಯ ಹಿಂಚಕ್ರದ ಮೇಲೆ ಭಾರ ಕಡಿಮೆ, ಆದ್ದರಿಂದ ಅದು ಕೆಸರಿನಲ್ಲಿ ಸುಮ್ಮನೆ ತಿರುಗುತ್ತದೆ. ತುಂಬಿದ ಗಾಡಿಗಿಂತ ಖಾಲಿ ಗಾಡಿಯೇ ಬೇಗ ಹೂತುಕೊಳ್ಳುವುದನ್ನು ನೀವು ಕಂಡಿರಬಹುದು. ಹೊಲದೊಳಗೆ ಮಳೆಗಾಲದಲ್ಲೂ ಗಾಡಿ ಇಳಿಸಲೇಬೇಕು ಎಂದಿದ್ದರೆ ನಾಲ್ಕು ಚಕ್ರದ ಚಾಲನೆಗೆ ಬೆಲೆಯುಂಟು. ರಸ್ತೆ ಬದಿಯ ಕಣದಿಂದ ಮಾರುಕಟ್ಟೆಗೆ ಹೋಗುವವರಿಗೆ ಅದು ವರ್ಷದ ಹತ್ತು ದಿನಕ್ಕಾಗಿ ಉಳಿದೆಲ್ಲ ದಿನ ಹೊರುವ ಕಬ್ಬಿಣ. ಹೊಲದಿಂದ ರಸ್ತೆಯವರೆಗೆ ಟ್ರ್ಯಾಕ್ಟರ್ ಇದ್ದೇ ಇದೆಯಲ್ಲ.

ಹವಾನಿಯಂತ್ರಣದ ಮಾತಿಗೆ ಬಂದಾಗ ಮನೆಯಲ್ಲಿ ನಗು ಏಳುತ್ತದೆ. 'ಗೂಡ್ಸ್ ಗಾಡಿಗೆ ಎ.ಸಿ.ಯೇ?' ನನ್ನ ಅಭಿಪ್ರಾಯ ಬೇರೆ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಯಂತ್ರ ಚಾಲಕನ ಆಸನದ ಸಮೀಪದಲ್ಲೇ ಇರುವ ಪುಟ್ಟ ಕ್ಯಾಬಿನ್ನಿನಲ್ಲಿ ಮಧ್ಯಾಹ್ನ ಮೂರು ತಾಸು ಕುಳಿತವನ ಗಮನ ಎಷ್ಟು ಉಳಿದೀತು? ಒಟ್ಟು ತೂಕ 3.5 ಟನ್ನಿಗಿಂತ ಹೆಚ್ಚಿರುವ, 2025ರ ಅಕ್ಟೋಬರ್ 1ರಿಂದೀಚೆಗೆ ತಯಾರಾದ ಲಾರಿಗಳ ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದಕ್ಕಿಂತ ಹಗುರವಾದ ಪಿಕಪ್‌ಗಳು ಈ ನಿಯಮದ ಹೊರಗಿವೆ. ಬಿಸಿಲೇನೂ ಗಾಡಿಯ ತೂಕ ನೋಡಿ ಬೀಳುವುದಿಲ್ಲವಾದರೂ ನಿಯಮಕ್ಕೆ ಎಲ್ಲೋ ಒಂದು ಗೆರೆ ಬೇಕಿತ್ತು, ಅದು ಅಲ್ಲಿ ಬಿತ್ತು. ಹೀಗಾಗಿ ಪಿಕಪ್ ಓಡಿಸುವವನಿಗೆ ತಂಪು ಸಿಗುವುದೂ ಬಿಡುವುದೂ ಕೊಳ್ಳುವವರ ಕೈಯಲ್ಲಿದೆ. ಯಂತ್ರದಿಂದ ಅದು ಎರಡು ಮೂರು ಕಿಲೋವಾಟ್ ಕಸಿದುಕೊಳ್ಳುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. 52.2 ಕಿಲೋವಾಟಿನ ಯಂತ್ರದಲ್ಲಿ ಅದು ಗೊತ್ತಾಗುವಷ್ಟು ಇದೆ. ಡೀಸೆಲ್ ಸ್ವಲ್ಪ ಹೆಚ್ಚೇ ಬೇಕು. ಆದರೆ ಗಾಡಿ ಓಡಿಸುವವರು ನಿಮ್ಮ ಅಪ್ಪನೋ ಅಣ್ಣನೋ ಆಗಿದ್ದರೆ ಆ ಡೀಸೆಲ್ಲನ್ನು ನಷ್ಟದ ಪುಟದಲ್ಲಿ ಬರೆಯಬೇಡಿ.

ಈಗ ಹಣ. ಎರಡು ದರ್ಜೆಗಳ ನಡುವೆ 40,000 ರೂಪಾಯಿ ವ್ಯತ್ಯಾಸವಿದೆ ಎನ್ನೋಣ. ಶೇಕಡಾ 10ರ ಬಡ್ಡಿಯಲ್ಲಿ ಐದು ವರ್ಷದ ಸಾಲವಾದರೆ ಅದಕ್ಕೆ ತಿಂಗಳಿಗೆ ಸುಮಾರು 850 ರೂಪಾಯಿ ಕಂತು. ಕೊನೆಗೆ ಕಟ್ಟಿದ್ದು ಸುಮಾರು 51,000. ಆ 850ಕ್ಕೆ ಬಂದದ್ದೇನು ಎಂದು ಪಟ್ಟಿ ಮಾಡಿ. ಹಾಡಿನ ಪೆಟ್ಟಿಗೆ, ಸೀಟಿನ ಹೊದಿಕೆ, ಬಂಪರಿನ ಬಣ್ಣ ಇವೆಲ್ಲ ಉಡುಪು. ಸುಗ್ಗಿ ಚೆನ್ನಾಗಿ ಬಂದ ವರ್ಷ ಬಳ್ಳಾರಿಯ ಅಂಗಡಿಯಲ್ಲೇ ಹಾಕಿಸಬಹುದು. ಚಾಸಿ, ಅಚ್ಚು, ಗೇರುಪೆಟ್ಟಿಗೆ, ಪೆಟ್ಟಿಗೆಯ ಉದ್ದ, ಬ್ರೇಕು, ಗಾಳಿಚೀಲ ಇವು ಎಲುಬು. ಕಾರ್ಖಾನೆಯಿಂದ ಬಾರದೇ ಹೋದರೆ ಮತ್ತೆ ಬಾರವು. ಪವರ್ ಸ್ಟಿಯರಿಂಗನ್ನೂ ನಾನು ಎಲುಬಿಗೇ ಸೇರಿಸುತ್ತೇನೆ. 20 ಚೀಲ ಹೊತ್ತ ಗಾಡಿಯನ್ನು ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ತಿರುಗಿಸಿದವರ ತೋಳನ್ನು ಕೇಳಿ ನೋಡಿ.

ಕರಪತ್ರವನ್ನು ಮಡಿಸುವ ಮೊದಲು ಅದರ ಕೊನೆಯ ಪುಟವನ್ನು ಬೆಳಕಿಗೆ ಹಿಡಿಯಿರಿ. ಚಿತ್ರದಲ್ಲಿ ತೋರಿಸಿದ ಬಿಡಿಭಾಗಗಳು ಗಾಡಿಯೊಡನೆ ಬರಲಾರವು ಎಂಬ ಮಾತು ಅಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಕೋಷ್ಟಕದಲ್ಲಿ ಚುಕ್ಕೆ ಇದ್ದರೆ ಆ ದರ್ಜೆಗೆ ಅದು ಉಂಟು, ಅಡ್ಡಗೆರೆ ಇದ್ದರೆ ಇಲ್ಲ, ನಕ್ಷತ್ರ ಇದ್ದರೆ ಷರತ್ತು ಇದೆ ಎಂದು ಸಾಮಾನ್ಯವಾಗಿ ಅರ್ಥ. ಅಪ್ಪನ ಜೊತೆ ನೀವೂ ಷೋರೂಮಿಗೆ ಹೋಗಿ, ಆ ನಕ್ಷತ್ರದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿ. ಮುಂಗಡ ಕೊಡುವ ಮೊದಲು ಆ ದರ್ಜೆಯ ಬರಿಗಾಡಿಯ ತೂಕವನ್ನೂ ಒಟ್ಟು ತೂಕವನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ.